ಆಕಿ ಪುಸ್ತಕದಾಗ

ಕುಕನೂರ ಕಡೆ ಒಂದು ಸಾಲಿಯವರು
ಮಹಾನವಮಿಗೆ ಸರಸ್ವತಿ ಬೇಕಂದ್ರು.
ಮೊಳದುದ್ದ ಸಾಕು, ಕುಂತಾಕಿ,
ವೀಣಿ ಕಂಪಲ್ಸರಿ,
ನವಿಲು ರೊಕ್ಕ ನೋಡಿ.

ನಮ್ಮ ಕಿನ್ನಾಳದಾಗ ದೇವರು ಹುಟ್ಟೂದು
ಮೊದಲು ವಾಸನಿಯಿಂದ:
ಮೂರು ದಿನ ನೆನೆದ ಹುಣಸಿಪಿಕ್ಕ,
ಕೊಳತ ಗೋಣಿಚೀಲ, ಕಟಿಗಿ ಹೊಟ್ಟು.
ನೀವು ಊದಿನಕಡ್ಡಿ ಹಚ್ಚೂದು ಆಮ್ಯಾಲ.

ಕಟಿಗಿ ಕೆತ್ತೂದು ನಮ್ಮ ಮನಿಯವರು.
ಕಣ್ಣು ಬರೆಯೂದೂ ಅವರ.
ಆ ಎರಡರ ನಡುವಿನ ದೇವರು ನನ್ನಾಕಿ.
ಅರೀತೀನಿ, ಮೆತ್ತತೀನಿ, ಒಣಗಸ್ತೀನಿ,
ಬೆಣಚುಗಲ್ಲು ಹಿಡದು ತಿಕ್ಕತೀನಿ
ಮೊಣಕೈ ಮಡಿಕಿ, ಕಿವಿ ಹಿಂದಿನ ತಗ್ಗು,
ಯಾರೂ ಪೂಜಿ ಮಾಡದ ಬೆನ್ನು.
ಮೂವತ್ತು ವರ್ಷ.
ಆಕಿ ಮೈ ನುಣ್ಣಗಾದಷ್ಟೂ
ನನ್ನ ಬೆರಳು ನುಣ್ಣಗಾದ್ವು.

ಮೊನ್ನೆ ರೇಷನ್ ಅಂಗಡ್ಯಾಗ ಮಷಿನ್ ಮ್ಯಾಲ
ಹೆಬ್ಬಟ್ಟು ಇಟ್ಟೆ. ಕೆಂಪು ದೀಪ.
ಸೆರಗಿಗೆ ಒರಸಿ ಇಟ್ಟೆ. ಕೆಂಪು.
ಎಣ್ಣಿ ಹಚ್ಚು ಅಂದ ಒಬ್ಬ,
ಸುಣ್ಣ ಹಚ್ಚು ಅಂದ್ಲು ಪಾಳಿಯಾಗಿನ ಗ್ಯಾನವ್ವ.
'ಗೆರೀನ ಇಲ್ಲಲ್ಲ ಯಕ್ಕಾ, ನಿನ್ನ ಬಟ್ಟಿನಾಗ'
ಅಂದ ಮಾಬುಸಾಬನ ಮಗ, ಮೆಲ್ಲಕ,
ಸತ್ತವರ ಸುದ್ದಿ ಹೇಳಿದಂಗ.
ಸಹಿ ಬರತದೇನು?
ಬರಂಗಿಲ್ಲ.
ಮಗಳು ಒಮ್ಮೆ ಪಾಟಿ ಹಿಡಿಸಿದ್ಲು.
ಅ ಆತು, ಆ ಆತು,
ಇ ಹತ್ರ ಬರೂದ್ರಾಗ ಬ್ಯಾಳಿ ಹೊತ್ತಿತು.
ನಾನು ಹೆಬ್ಬಟ್ಟು ಅಂತ ಊರಿಗೆಲ್ಲ ಗೊತ್ತು;
ಹೆಬ್ಬಟ್ಟೂ ಅಲ್ಲ ಅಂತ ಅವತ್ತು ಗೊತ್ತಾತು.

ಮನಿಗೆ ಬಂದ್ರ ಪಡಸಾಲ್ಯಾಗ ಆಕಿ,
ಬಿಳಿ ಬಳಕೊಂಡು, ಕಣ್ಣಿನ್ನೂ ಇಲ್ಲ,
ಪುಸ್ತಕ ಹಿಡಕೊಂಡು ಕುಂತಿದ್ಲು.
ಏನೂ ಬರದಿಲ್ಲದ ಪುಸ್ತಕ.
ಅದರಾಗ ನಮ್ಮ ಮಾವ ನಾಕು ಸೊಟ್ಟ ಗೆರಿ ಎಳೀತಿದ್ರು,
ಇವರೂ ಅವನ್ನ ಎಳೀತಾರ, ಇರಬಿ ಸಾಲಿನಂಗ.
ಯಾವ ಅಕ್ಷರ ಅದು?
ಕೇಳಿದ್ದೆ, ಮದಿವ್ಯಾದ ಹೊಸದಾಗಿ.
'ದೇವರಿಗೆ ಓದಾಕ ಬರತೈತಿ. ನಿನಗ್ಯಾಕ?'

ಬೆಕ್ಕು ಅಡ್ಡಾಡತೈತಿ, ಎತ್ತಿಡೋಣಂತ ಹಿಡದೆ.
ಪುಸ್ತಕ ಇನ್ನೂ ಹಸಿ ಇತ್ತು.
ಬಟ್ಟು ತಗದ್ರ
ಗೆರಿ.
ಸಣ್ಣ ಸಣ್ಣ, ಒಂದರ ಒಳಗೊಂದು,
ಬಾವ್ಯಾಗ ಕಲ್ಲು ಒಗದಂಗ ಸುತ್ತಿ ಸುತ್ತಿ.
ಎಡಕ್ಕ ಒಂದು ಕಡೆ ಹರದಿತ್ತು:
ಈಳಿಗಿ ಕಡದಿದ್ದು,
ಮಗಳು ಹೊಟ್ಟ್ಯಾಗಿದ್ದಾಗ.
ಮಷಿನ್ನಿಗೆ ಕಾಣದ್ದು
ಹಸಿ ಬಿಳಿ ಮಣ್ಣಿಗೆ ಕಂಡಿತ್ತು.

ಒರಸಬೇಕು. ಬಿಳಿ ಬಟ್ಟಲ ಹಿಡಕೊಂಡು
ಭಾಳ ಹೊತ್ತು ಕುಂತೆ.
ಹಾಲಿನವ ಬಂದು ಹೋದ.
ಒಲಿ ಮ್ಯಾಲಿನ ಹಾಲು ಉಕ್ಕಿತು.
ಬಿಳಿ ಒಣಗಿತು.

ಮರುದಿನ ನಸಿಕಿನ್ಯಾಗ ಇವರು ಕಣ್ಣು ಬರದ್ರು,
ಉಸರು ಬಿಗಿ ಹಿಡದು.
ಸೀರಿ ಹಸರಾತು, ವೀಣಿ ಹಳದಿ.
ಪುಸ್ತಕಕ್ಕ ಬಂದಾಗ ಕುಂಚ ನಿಂತಿತು.
ನನ್ನ ಕಡೆ ನೋಡಿದ್ರು.
ನಾ ಅಕ್ಕಿ ಆರಸಾಕತ್ತಿದ್ದೆ,
ಗ್ಯಾನವ್ವನ ಮನಿಯಿಂದ ಕಡ ತಂದ ಅಕ್ಕಿ.
ಏನೂ ಅನ್ನಲಿಲ್ಲ.
ನಾಕು ಗೆರಿ ಎಳೀಲಿಲ್ಲ.
ಸುತ್ತ ಬರೇ ಕೆಂಪು ಅಂಚು ಹಾಕಿ
ಕುಂಚ ತೊಳದಿಟ್ರು.

ಇವತ್ತು ಮಹಾನವಮಿ.
ರಜಾ ಇದ್ರೂ ಹುಡುಗರು ಬರತಾವಂತ ಸಾಲಿಗೆ,
ಪಾಟಿ, ಪುಸ್ತಕ, ಕಂಪಾಸ್ ಡಬ್ಬಿ
ಆಕಿ ಮುಂದ ಒಟ್ಟತಾವಂತ,
ಲೆಕ್ಕ ಬರದವು ಲೆಕ್ಕದ ಪುಸ್ತಕ ಎಲ್ಲಾಕಿಂತ ಮ್ಯಾಲ.
ಮಂಡಾಳ ಹಂಚಾಕ ಮಾಸ್ತರಿಗೆ ಅವಸರ.
ಇವತ್ತೊಂದಿನ ಯಾರೂ ಓದಬಾರದಂತ,
ಪುಸ್ತಕ ಮುಟ್ಟಬಾರದಂತ.

ಆಕಿಗೆ ಆ ಕಟ್ಟಳಿ ಇಲ್ಲ.
ಕೈಯಾಗಿಂದು ಕೆಳಗ ಇಡಾಕೂ ಬರೂದಿಲ್ಲ.
ಓದಾಕ ಹತ್ತಿರತಾಳ.

ಎಲ್ಲಿತನಕ ಬಂದಾಳೋ.
ಈಳಿಗಿ ಗಾಯ ದಾಟಿರಬೇಕು.